ಬಂದವರ ಮುದ್ದೆ

ಮೂಕಂಡಪಲ್ಲಿ, ಹೊಸೂರು
೯ ಜನವರಿ ೨೦೦೪, ಶುಕ್ರವಾರ

ಚಿ. ಭೂಮಿಕಾಳಿಗೆ ನಿನ್ನ ಅಮ್ಮನ ಮನಸಾರೆ ಆಶೀರ್ವಾದಗಳು.

ನಿನ್ನ ಕಾಗದ ಹೊಸ ವರ್ಷಕ್ಕೆ ಮೊದಲೇ ಕೈಸೇರಿತ್ತು. ಉತ್ತರ ಬರೆಯಲು ಇಷ್ಟು ದಿನ ಮಾಡಿದೆನೆಂದು ಬೈದುಕೊಳ್ಳಬೇಡ. ಕೆಲಸವಿತ್ತು ಎಂದರೆ ಅರ್ಧ ನಿಜವಾಗುತ್ತದೆ. ಉಳಿದರ್ಧ ಏನೆಂದು ಕಾಗದ ಮುಗಿಯುವಷ್ಟರಲ್ಲಿ ನಿನಗೇ ತಿಳಿಯುತ್ತದೆ. ಫೋನು ಮಾಡಬಹುದಿತ್ತು, ಆದರೆ ನಿಮ್ಮ ಹಾಸ್ಟೆಲಿನ ಫೋನಿನ ಹಿಂದೆ ಯಾವಾಗಲೂ ಹುಡುಗಿಯರ ಸಾಲು ನಿಂತಿರುತ್ತದೆ. ‘ಸೀಕ್ರಂ, ಸೀಕ್ರಂ’ ಎಂದು ಅವರು ಅವಸರ ಮಾಡುವುದು ನನಗೆ ಹೊಸೂರಿಗೇ ಕೇಳಿಸುತ್ತದೆ. ನಾನು ಹೇಳಬೇಕಾದದ್ದು ಅವಸರದಲ್ಲಿ ಹೇಳುವಂಥದ್ದಲ್ಲ.

ನಿನ್ನ ಹೊಸ ವರ್ಷದ ಪ್ರತಿಜ್ಞೆಗಳನ್ನು ಓದಿ ನಿಮ್ಮಪ್ಪನೂ ನಾನೂ ನಕ್ಕೆವು. ಬೆಳಗಿನ ಜಾವಕ್ಕೇ ಏಳುವುದು, ಎಣ್ಣೆ ತಿಂಡಿ ಬಿಡುವುದು, ಗೆಳತಿಯರ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡುವುದು, ಯಾರ ಮೇಲೂ ಚಾಡಿ ಹೇಳದಿರುವುದು. ನರ್ಸಿಂಗ್ ಓದಲು ಸೇಲಂಗೆ ಹೋದ ಹುಡುಗಿ ಸನ್ಯಾಸಕ್ಕೆ ಸಿದ್ಧವಾಗುತ್ತಿದ್ದಾಳಲ್ಲ ಎಂದರು ನಿಮ್ಮಪ್ಪ. ಕಾಗದದ ಕೊನೆಯಲ್ಲಿ ನೀನು ಎರಡು ಪ್ರಶ್ನೆ ಕೇಳಿದ್ದೀಯ. ಅಮ್ಮಾ, ನಿನ್ನ ಈ ವರ್ಷದ ಪ್ರತಿಜ್ಞೆ ಏನು? ಅಜ್ಜಿ ನನ್ನ ಹೆಸರು ಹೇಳುತ್ತಾರಾ? ಮೊದಲನೆಯದಕ್ಕೆ ಈಗಲೇ ಉತ್ತರ ಹೇಳುತ್ತೇನೆ. ಎರಡನೆಯದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಪ್ಯಾಕಿಂಗ್ ಯೂನಿಟ್ಟಿನ ಪದ್ಧತಿ ನಿನಗೆ ಗೊತ್ತೇ ಇದೆ. ಜನವರಿ ಒಂದರಂದು ಕೇಕು ಕತ್ತರಿಸುವ ಮುಂಚೆ ಎಲ್ಲರೂ ಒಂದೊಂದು ಚೀಟಿಯಲ್ಲಿ ಆ ವರ್ಷದ ಪ್ರತಿಜ್ಞೆ ಬರೆದು, ಕಾರ್ಡ್ ಪಂಚ್ ಮಾಡುವ ಜಾಗದ ಬೋರ್ಡಿಗೆ ಅಂಟಿಸಬೇಕು. ನಾನು ಪ್ರತಿ ವರ್ಷ ಬರೆಯುತ್ತಿದ್ದುದು ಒಂದೇ: ಕೋಪ ಮಾಡಿಕೊಳ್ಳುವುದಿಲ್ಲ. ಸಂಕ್ರಾಂತಿಯ ಎಳ್ಳು ಬೆಲ್ಲ ತಿನ್ನುವ ಹೊತ್ತಿಗೆ ಅದರ ಕಥೆ ಮುಗಿದಿರುತ್ತಿತ್ತು. ನಿನಗೂ ಗೊತ್ತು, ನಿಮ್ಮಪ್ಪನಿಗಂತೂ ಚೆನ್ನಾಗಿ ಗೊತ್ತು. ಈ ವರ್ಷ ಮಾತ್ರ ಬೇರೆ ಬರೆದೆ: ನನ್ನ ಆರೋಗ್ಯ ನೋಡಿಕೊಳ್ಳುತ್ತೇನೆ. ಸೂಪರ್‌ವೈಸರ್ ಮೇಡಂ ಅದನ್ನು ಜೋರಾಗಿ ಓದಿ, ಇಂದ್ರಮ್ಮ ಈಗ ಬುದ್ಧಿ ಕಲಿತರು ಎಂದು ಚಪ್ಪಾಳೆ ತಟ್ಟಿಸಿದರು. ಆ ಸಾಲಿನ ಹಿಂದೆ ಏನಿತ್ತು ಎಂದು ಅವರಿಗೇನು ಗೊತ್ತು? ಹಬ್ಬ ಮುಗಿದ ಮೇಲೆ ಅಜ್ಜಿಯನ್ನು ಮನೆಯಿಂದ ಕಳಿಸುವುದು ಎಂದಿತ್ತು.

ಗಾಬರಿಯಾಗಬೇಡ, ಪೂರ್ತಿ ಓದು. ದೀಪಾವಳಿಗೆ ನೀನು ಬಂದಾಗ ನೋಡಿದ್ದಕ್ಕಿಂತ ಅಜ್ಜಿಯ ಮರೆವು ಬಹಳ ಮುಂದೆ ಹೋಗಿದೆ. ಬಚ್ಚಲು ಯಾವ ಕಡೆ ಎಂದು ಕೇಳುತ್ತಾರೆ. ನಿಮ್ಮಪ್ಪನನ್ನು ನಿಮ್ಮ ತಾತನ ಹೆಸರಿನಿಂದ ಕರೆದು, ಕೂಡಲೇ ನಾಲಿಗೆ ಕಚ್ಚಿಕೊಂಡು ತಲೆ ಮೇಲೆ ಸೆರಗು ಹೊದೆಯುತ್ತಾರೆ. ಒಂದು ದಿನ ಒಲೆಯ ಮೇಲೆ ನೀರಿಟ್ಟು, ಗ್ಯಾಸು ತಿರುಗಿಸಿ, ಕಡ್ಡಿ ಗೀರುವುದನ್ನು ಮರೆತು ಹಾಗೇ ಕೂತುಬಿಟ್ಟಿದ್ದರು. ಪಕ್ಕದ ಮನೆಯ ಮುನಿವೆಂಕಟಮ್ಮನಿಗೆ ವಾಸನೆ ಬಂದು ಓಡಿಬರದಿದ್ದರೆ ಏನಾಗುತ್ತಿತ್ತೋ. ಅವತ್ತಿನಿಂದ ನಾನು ಕೆಲಸಕ್ಕೆ ಹೊರಡುವಾಗ ರೆಗ್ಯುಲೇಟರ್ ಬಿಚ್ಚಿಟ್ಟು, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಹೋಗತೊಡಗಿದೆ. ಆಗಾಗ ನೋಡುತ್ತಿರಿ ಎಂದು ಮುನಿವೆಂಕಟಮ್ಮನಿಗೆ ಹೇಳಿಟ್ಟಿದ್ದೆ.

ಹೊಸ ವರ್ಷದ ಹಿಂದಿನ ಸಂಜೆ ರಾಯಕೋಟೆಯಿಂದ ನಿನ್ನ ದೊಡ್ಡಪ್ಪ ಸೊಣ್ಣಪ್ಪನವರು ಬಂದಿದ್ದರು. ಅಂಗಡಿಯವರು ಕೊಟ್ಟ ತಮಿಳು ದಿನದರ್ಶಿಕೆಯನ್ನು ಗೋಡೆಗೆ ನೇತುಹಾಕಿ ನಾನು ಕಾಫಿ ಮಾಡಲು ಒಳಗೆ ಹೋದೆ. ಬರುವಷ್ಟರಲ್ಲಿ ಅಜ್ಜಿ ಒಂದೊಂದೇ ಹಾಳೆ ಹರಿಯುತ್ತಾ ಏಪ್ರಿಲಿನ ಚಿತ್ತಿರೈ ತಿಂಗಳಿಗೆ ಬಂದಿದ್ದರು. ಹಾಳೆಗಳನ್ನೆಲ್ಲ ನೀಟಾಗಿ ಜೋಡಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನಿಮ್ಮಪ್ಪ ನಕ್ಕರು. ಮನೆಯಲ್ಲಿ ಆಗಲೇ ಬೇಸಿಗೆ ಬಂತಲ್ಲ ಎಂದು ನಾನೂ ತಮಾಷೆ ಮಾಡಿದೆ. ದೊಡ್ಡಪ್ಪ ಮಾತ್ರ ನಗಲಿಲ್ಲ. ಕೃಷ್ಣಗಿರಿಯ ಹತ್ತಿರ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆಶ್ರಮವನ್ನು ವಿಚಾರಿಸಿದ್ದೇನೆ, ಚೊಕ್ಕವಾಗಿದೆ, ಡಾಕ್ಟರು ಬರುತ್ತಾರೆ, ಸಂಕ್ರಾಂತಿ ಆದಮೇಲೆ ಕರೆದುಕೊಂಡು ಹೋಗೋಣ ಎಂದರು. ಅವರನ್ನು ತಪ್ಪು ತಿಳಿಯಬೇಡ. ನಿನ್ನ ದೊಡ್ಡಮ್ಮ ಸೊಂಟ ಹಿಡಿದು ಮಲಗಿದ್ದಾರೆ, ಅವರು ಅಲ್ಲಿ ಯಾರನ್ನು ನೋಡಿಕೊಳ್ಳುತ್ತಾರೆ? ನಾನು ಹೂಂ ಎಂದೆ. ನಿಜ ಹೇಳಲೇ? ಮನಸ್ಸು ಹಗುರವಾಯಿತು. ನಿಮ್ಮಪ್ಪ ಎಂದಿನಂತೆ ‘ನೋಡಾನ’ ಎಂದರು.

ಈಗ ಬಂದವರ ಮುದ್ದೆಯ ವಿಷಯಕ್ಕೆ ಬರುತ್ತೇನೆ. ಅಜ್ಜಿ ಯಾವಾಗಲೂ ಮನೆಯವರಿಗೆ ಬೇಕಾದ್ದಕ್ಕಿಂತ ಒಂದು ಮುದ್ದೆ ಹೆಚ್ಚಿಗೆ ಕಟ್ಟುತ್ತಿದ್ದುದನ್ನು ನೀನು ಹುಟ್ಟಿದಾಗಿನಿಂದ ನೋಡಿದ್ದೀಯ. ಅದು ಎಲ್ಲಿಂದ ಬಂತು ಎಂದು ನಿನಗೆ ನಾನು ಯಾವತ್ತೂ ಹೇಳಿಲ್ಲ. ರಾಯಕೋಟೆ ಪಕ್ಕದ ನಮ್ಮ ಹಳೇ ಮನೆ ಗಾಡಿ ದಾರಿಯ ಮಗ್ಗುಲಲ್ಲೇ ಇತ್ತು. ಸಂತೆಗೆ ಹೋಗುವವರು, ದನ ಹೊಡೆದುಕೊಂಡು ಬರುವವರು, ಬಳೆಗಾರರು, ಯಾರೋ ಒಬ್ಬರು ಊಟದ ಹೊತ್ತಿಗೆ ಜಗಲಿಯ ಮೇಲೆ ಕೂತಿರುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹಾಗೆ ಒಬ್ಬರು ಬಂದರು. ತಟ್ಟೆ ಇಡುವ ಮುಂಚೆ ನಾನು ನಿಮ್ಮದು ಯಾವೂರು, ಯಾರ ಪೈಕಿ ಎಂದು ಕೇಳಿದೆ. ಅತ್ತೆ ನನ್ನನ್ನು ಒಳಗೆ ಕರೆದು ತೋಳು ಚಿವುಟಿದರು.

“ಹಸ್ಕೊಂಡು ಬಂದೋರ್ನ ಊರು ಕೇಳ್ಬಾರ್ದು ಕಣೇ,” ಎಂದರು. “ಉಂಡು ಕೈ ತೊಳ್ಕೊಂಡ್ಮ್ಯಾಲೆ ಕೇಳು. ಮುಂಚೇನೇ ಕೇಳಿದ್ರೆ, ಊರು ನೋಡಿ ಅನ್ನ ಹಾಕ್ದಂಗಾಯ್ತದೆ.”

ಊರು ಮಾತ್ರವಲ್ಲ, ಊರಿನ ಜೊತೆ ಬರುವ ಜಾತಿ, ಕುಲ ಎಲ್ಲವೂ ಆ ಮಾತಿನಲ್ಲಿದ್ದವು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ನಿಮ್ಮಪ್ಪನಿಗೆ ಕೆಲಸ ಸಿಕ್ಕಿ ಮೂಕಂಡಪಲ್ಲಿಯ ಈ ಸಾಲುಮನೆಗೆ ಬಂದ ಮೇಲೂ ಅವರು ಆ ಮುದ್ದೆ ಬಿಡಲಿಲ್ಲ. ಇಲ್ಲಿ ಯಾರು ಬರುತ್ತಾರೆ? ಸಿಲಿಂಡರ್ ತರುವವನು, ಕರೆಂಟು ರೀಡಿಂಗ್ ನೋಡುವವರು, ಅಡ್ರೆಸ್ ತಪ್ಪಿ ಬಂದವರು. ಅವರನ್ನೇ ಕೂರಿಸಿ ಉಣ್ಣಿಸುತ್ತಿದ್ದರು. ರೀಡಿಂಗ್ ನೋಡುವವರು ನಮ್ಮ ಮನೆಗೆ ಊಟದ ಹೊತ್ತಿಗೇ ಬರುತ್ತಾರೆ ಎಂದು ನಾನು ರೇಗಿಸುತ್ತಿದ್ದೆ. ಗ್ಯಾಸಿನ ಘಟನೆಯಾದ ಮೇಲೆ ಅಡುಗೆ ಪೂರ್ತಿ ನನ್ನ ಕೈಗೆ ಬಂತು. ಬಾಗಿಲಿಗೆ ಚಿಲಕ ಬಿದ್ದ ಮನೆಗೆ ಯಾರು ಬರುತ್ತಾರೆ ಎಂದು ಹೆಚ್ಚಿನ ಮುದ್ದೆ ಕಟ್ಟುವುದನ್ನು ನಿಲ್ಲಿಸಿದೆ. ಬೆಳಿಗ್ಗೆ ಅಜ್ಜಿಗೆಂದು ಒಂದೇ ಮುದ್ದೆ ಹಾಟ್‌ಬಾಕ್ಸಿನಲ್ಲಿಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ಅವರು ಏನೂ ಅನ್ನಲಿಲ್ಲ. ಅದನ್ನೂ ಮರೆತಿದ್ದಾರೆ ಎಂದುಕೊಂಡೆ.

ಆದರೆ ಅವರು ಇಳಿದುಹೋಗುತ್ತಿದ್ದರು. ರವಿಕೆ ತೋಳಿನಲ್ಲಿ ಸಡಿಲವಾಯಿತು. ವಯಸ್ಸು ಎಂದು ನಿಮ್ಮಪ್ಪ ಅಂದರು, ನಾನೂ ಅದನ್ನೇ ನಂಬಿದೆ. ಅದೇ ದಿನಗಳಲ್ಲಿ ಬೀದಿಯ ಕಂದು ನಾಯಿ ಸಂಜೆಯಾದರೆ ನಮ್ಮ ಕಿಟಕಿಯ ಕೆಳಗೇ ಬಂದು ಕೂರುತ್ತಿತ್ತು. ಅದು ದಿನೇ ದಿನೇ ಯಾಕೆ ದಪ್ಪವಾಗುತ್ತಿದೆ ಎಂದು ನಾನು ಯೋಚಿಸಲೇ ಇಲ್ಲ ನೋಡು.

ಕಳೆದ ಶನಿವಾರ ಫಸ್ಟ್ ಶಿಫ್ಟ್ ಮುಗಿಸಿ ಸಿಪ್ಕಾಟ್ ಬಸ್ ಸ್ಟಾಪಿನ ಕಡೆ ಬರುತ್ತಿದ್ದೆ. ಆ ಹೊತ್ತಿನಲ್ಲಿ ಅಲ್ಲಿ ಹೇಗಿರುತ್ತದೆ ಎಂದು ನಿನಗೆ ಗೊತ್ತು. ಬಿಟ್ಟು ಬರುವವರು, ಒಳಗೆ ಹೋಗುವವರು, ಬಸ್ಸು, ಬೈಕು, ಹಾರ್ನು. ಎದುರಿನಿಂದ ಮುನಿವೆಂಕಟಮ್ಮ ಕೂದಲು ಬಿಚ್ಚಿಕೊಂಡು ಓಡಿಬಂದರು. ಅಜ್ಜಿಗೆ ಕಾಫಿ ಕೊಡಲು ಬಾಗಿಲು ತೆಗೆದರಂತೆ, ಹಿತ್ತಲಲ್ಲಿ ಒಣಗಿದ ಬಟ್ಟೆ ತರುವಷ್ಟರಲ್ಲಿ ಅಜ್ಜಿ ಇಲ್ಲ. ಬೀದಿಯೆಲ್ಲ ಹುಡುಕಿದೆ ಎಂದು ಅಳುತ್ತಿದ್ದರು. ಲಾರಿಗಳು ಓಡಾಡುವ ರಸ್ತೆ ಅದು. ಭಯದ ಜೊತೆಗೇ ಕೋಪವೂ ಬಂತು. ಸಿಗಲಿ, ಈ ಸಲ ಬಿಡುವುದಿಲ್ಲ, ಹಬ್ಬದವರೆಗೂ ಕಾಯುವುದಿಲ್ಲ, ನಾಳೆಯೇ ಆಶ್ರಮಕ್ಕೆ ಕಳಿಸುತ್ತೇನೆ ಎಂದುಕೊಳ್ಳುತ್ತಲೇ ಓಡಿದೆ.

ಅಜ್ಜಿ ಬಸ್ ಸ್ಟಾಪಿನ ಆಚೆ, ಹೊಂಗೆ ಮರದ ಕೆಳಗೆ ನಿಂತಿದ್ದರು. ತಲೆ ಮೇಲೆ ಸೆರಗು, ಒಂದು ಕೈ ಬೆನ್ನ ಹಿಂದೆ. ಬಂದವರು ಉಣ್ಣುವಾಗ ಅವರು ಯಾವಾಗಲೂ ನಿಲ್ಲುವ ರೀತಿ ಅದೇ. ಅವರ ಕಾಲ ಹತ್ತಿರ ನಡುವಯಸ್ಸಿನ ಗಂಡಸೊಬ್ಬರು ಕುಕ್ಕರುಗಾಲಲ್ಲಿ ಕೂತು ನಮ್ಮ ಮನೆಯ ಬಟ್ಟಲಿನಿಂದ ಆಗಷ್ಟೇ ಉಣ್ಣತೊಡಗಿದ್ದರು. ಪಕ್ಕದಲ್ಲಿ ನೀರಿನ ಚೊಂಬು. ಅದರ ಬಾಯಿಗೆ ಕ್ಯಾಲೆಂಡರಿನ ಒಂದು ಹಾಳೆ ಮುಚ್ಚಿತ್ತು.

ಬಟ್ಟಲಿನಲ್ಲಿದ್ದದ್ದು ಅರ್ಧ ಮುದ್ದೆ. ದಾರದಲ್ಲಿ ಕತ್ತರಿಸಿದ ಹಾಗೆ ಸಮನಾಗಿ ಅರ್ಧ. ಅದನ್ನು ನೋಡಿದ ಕೂಡಲೇ ನನಗೆ ನಾಯಿಯೂ ಅರ್ಥವಾಯಿತು, ಸಡಿಲವಾದ ರವಿಕೆಯೂ ಅರ್ಥವಾಯಿತು. ನಾನು ಇಡುತ್ತಿದ್ದ ಒಂದು ಮುದ್ದೆಯಲ್ಲಿ ಅವರು ಅರ್ಧ ತಿಂದು, ಉಳಿದರ್ಧವನ್ನು ಬರುವವರಿಗೆ ಎತ್ತಿಡುತ್ತಿದ್ದರು. ಹೊತ್ತು ಮುಳುಗುವವರೆಗೆ ಕಾದು, ಯಾರೂ ಬರದಿದ್ದರೆ ಕಿಟಕಿಯಿಂದ ನಾಯಿಗೆ ಹಾಕುತ್ತಿದ್ದರು.

ಬೈಯಬೇಕು ಎಂದು ಬಾಯಿಯವರೆಗೆ ತಂದುಕೊಂಡಿದ್ದೆ. ಬೈಯುವ ಬದಲು ಚಪ್ಪಲಿ ಬಿಟ್ಟು ನಿಂತೆ ಭೂಮಿ. ಮೈಯೆಲ್ಲ ಜುಂ ಎಂದಿತು. ದೇವರ ಗುಡಿಯಲ್ಲೂ ನನಗೆ ಹಾಗಾಗಿಲ್ಲ. ಆ ವ್ಯಕ್ತಿ ನನ್ನನ್ನು ನೋಡಿ ಮುಜುಗರದಿಂದ ಎದ್ದು, ‘ಅಮ್ಮಾ ಕೂಪ್ಟಾಂಗ, ಉಕ್ಕಾಂದುಟ್ಟೇನ್’ ಎಂದರು. ಅಮ್ಮ ಕರೆದರು, ಕೂತುಬಿಟ್ಟೆ ಎಂದು. ಯಾವುದೋ ಕಾಂಟ್ರಾಕ್ಟರು ಕೆಲಸ ಕೊಡುತ್ತೇನೆ ಎಂದಿದ್ದರಂತೆ, ಬೆಳಿಗ್ಗೆಯಿಂದ ಫ್ಯಾಕ್ಟರಿ ಗೇಟಿನ ಹತ್ತಿರ ಕಾಯುತ್ತಿದ್ದರಂತೆ. ಅಷ್ಟು ಜನರ ನಡುವೆ ಹಸಿದವರು ಯಾರು ಎಂದು ಅಜ್ಜಿಗೆ ಹೇಗೆ ತಿಳಿಯಿತೋ. ನೀವು ಉಣ್ಣಿ ಎಂದು ಅವರನ್ನು ಮತ್ತೆ ಕೂರಿಸಿದೆ. ಅವರು ಮುಗಿಸಿದರು. ಅಜ್ಜಿ ಬಗ್ಗಿ ಕೈಗೆ ನೀರು ಹಾಕಿದರು. ಅವರು ಪಂಚೆಯ ತುದಿಗೆ ಕೈ ಒರೆಸಿಕೊಂಡ ಮೇಲೆ, ಆಮೇಲೆಯೇ, ‘ಎಂದ ಊರು ಸಾಮಿ?’ ಎಂದು ಅಜ್ಜಿ ತಮಿಳಿನಲ್ಲಿ ಊರು ಕೇಳಿದರು. ಊತಂಗರೆ ಕಡೆ ಎಂದರು ಅವರು. ಅಜ್ಜಿ ಬಲು ಸಂತೋಷದಿಂದ ತಲೆಯಾಡಿಸಿದರು.

ಮನೆಗೆ ಕರೆದುಕೊಂಡು ಬರುವಾಗ, ಇಷ್ಟು ದೂರ ಯಾಕೆ ಬಂದಿರಿ ಅತ್ತೆ ಎಂದು ಕೇಳಿದೆ.

“ಯಾರೋ ಬಾಗ್ಲು ಹಾಕ್ಬುಟ್ಟವ್ರೆ ಕಣವ್ವಾ,” ಎಂದರು, ಗುಟ್ಟು ಹೇಳುವ ಹಾಗೆ. “ಬರೋರು ಹೆಂಗ್ ಬತ್ತಾರೆ ಪಾಪ? ಅದ್ಕೇ ನಾನೇ ಬಂದೆ.”

ಬಾಗಿಲು ಹಾಕಿದವಳು ನಾನೇ ಎಂದು ಹೇಳಲು ಧೈರ್ಯವಾಗಲಿಲ್ಲ. ಅವರ ಕೈ ಹಿಡಿದುಕೊಂಡು ನಡೆದೆ.

ಆರು ದಿನದಿಂದ ನನಗೆ ಇದೇ ಯೋಚನೆ. ದಾರಿ ಮರೆತಿದೆ, ತಿಂಗಳು ಮರೆತಿದೆ, ಗಂಡ ಹೋದದ್ದು ಮರೆತಿದೆ, ಕಡ್ಡಿ ಗೀರುವುದು ಮರೆತಿದೆ. ಇದೊಂದು ಎಲ್ಲಿ ಕೂತಿದೆ ಹೇಳು? ನಿನ್ನ ದಪ್ಪ ಪುಸ್ತಕಗಳಲ್ಲಿ ತಲೆಯ ಒಳಗಿನದ್ದೆಲ್ಲ ಬರೆದಿರುತ್ತದೆಯಲ್ಲ, ಇದರ ಜಾಗ ಎಲ್ಲಿದೆ ಎಂದು ನಿಮ್ಮ ಮೇಷ್ಟರನ್ನು ಕೇಳು. ಅವರು ಯಾವ ಜನವರಿಯಲ್ಲೂ ಚೀಟಿ ಬರೆದು ಅಂಟಿಸಿದವರಲ್ಲ. ಇನ್ನು ಮೇಲೆ ಹೀಗಿರುತ್ತೇನೆ ಎಂದು ಯಾರಿಗೂ ಹೇಳಿದವರಲ್ಲ. ನಾನು ಕೋಪ ಬಿಡುತ್ತೇನೆ ಎಂದು ವರ್ಷವರ್ಷವೂ ನೆನಪಿಟ್ಟುಕೊಂಡು ಸೋತೆ. ಅವರಿಗೆ ನೆನಪೇ ಬೇಕಾಗಿಲ್ಲ. ನನಗೆ ಅವರ ಮುಂದೆ ನಿಲ್ಲಲು ಭಯ ಭಕ್ತಿ ಎರಡೂ ಆಗುತ್ತವೆ, ಇದನ್ನು ಹೇಗೆ ಹೇಳಬೇಕೋ ತಿಳಿಯದು.

ಅವತ್ತು ಸಂಜೆ ನಿಮ್ಮಪ್ಪ ಬಂದಾಗ ಎಲ್ಲ ಹೇಳಿದೆ. ಅವರು ಹೊರಗೆ ಹೋಗಿ ಆ ನಾಯಿಯ ಪಕ್ಕ ಬಹಳ ಹೊತ್ತು ಕೂತಿದ್ದರು. ನಾನು ಎಸ್‌ಟಿಡಿ ಅಂಗಡಿಗೆ ಹೋಗಿ ರಾಯಕೋಟೆಗೆ ಫೋನು ಮಾಡಿ, ಅತ್ತೆಯನ್ನು ಎಲ್ಲಿಗೂ ಕಳಿಸುವುದಿಲ್ಲ ಭಾವ ಎಂದು ನಿನ್ನ ದೊಡ್ಡಪ್ಪನಿಗೆ ಹೇಳಿದೆ. ಆಶ್ರಮದಲ್ಲಿ ಚೆನ್ನಾಗಿಯೇ ಊಟ ಹಾಕುತ್ತಾರೆ. ಆದರೆ ಅಲ್ಲಿ ಅವರು ಯಾರಿಗೆ ಉಣ್ಣಿಸುತ್ತಾರೆ? ದೊಡ್ಡಪ್ಪ, ‘ನಿನ್ ಕೈಲಿ ಆಯ್ತದೇನಮ್ಮಾ?’ ಎಂದರು. ಗೊತ್ತಿಲ್ಲ ಎಂದೆ. ಅದು ನಿಜವೇ.

ಸೋಮವಾರ ನಿಮ್ಮಪ್ಪ ನನಗೂ ಹೇಳದೆ ಫ್ಯಾಕ್ಟರಿಯಲ್ಲಿ ಕೇಳಿಕೊಂಡು ಸೆಕೆಂಡ್ ಶಿಫ್ಟಿಗೆ ಬದಲಾಯಿಸಿಕೊಂಡು ಬಂದರು. ಈಗ ಬೆಳಿಗ್ಗೆ ಅಜ್ಜಿಯ ಜೊತೆ ಅವರು, ಮಧ್ಯಾಹ್ನದ ಮೇಲೆ ನಾನು, ನಡುವೆ ಸ್ವಲ್ಪ ಹೊತ್ತು ಮುನಿವೆಂಕಟಮ್ಮ. ನಾನು ಬಸ್ಸು ಇಳಿಯುವಾಗ ಅವರು ಹತ್ತುತ್ತಾರೆ. ಗಂಡ ಹೆಂಡತಿ ನೆಮ್ಮದಿಯಾಗಿ ಮುಖ ನೋಡಿಕೊಳ್ಳುವುದು ಭಾನುವಾರ ಮಾತ್ರ. ಒಂದು ರೀತಿಯಲ್ಲಿ ಒಳ್ಳೆಯದೇ, ಜಗಳಕ್ಕೆ ಬಿಡುವಿಲ್ಲ. ಮುದ್ದೆಯನ್ನೂ ಈಗ ನಿಮ್ಮಪ್ಪನೇ ತೊಳಸುತ್ತಾರೆ. ಬರೀ ಗಂಟು. ಅಜ್ಜಿ ಪಕ್ಕದಲ್ಲಿ ಕೂತು, ಅವರು ಕಟ್ಟಿದ ಮೇಲೆ ಇನ್ನೊಂದು ಎನ್ನುತ್ತಾರೆ. ನಿಮ್ಮಪ್ಪ ಇನ್ನೊಂದು ಕಟ್ಟುತ್ತಾರೆ. ಬಾಗಿಲು ತೆಗೆದೇ ಇರುತ್ತದೆ.

ಯೂನಿಟ್ಟಿನ ಬೋರ್ಡಿನಿಂದ ನನ್ನ ಚೀಟಿ ಕಿತ್ತುಕೊಂಡು ಬಂದೆ. ಬೇರೆ ಬರೆಯಿರಿ ಎಂದರು ಮೇಡಂ. ಏನು ಬರೆಯಲಿ? ನಿನ್ನ ಮೊದಲ ಪ್ರಶ್ನೆಗೆ ಇದೇ ಉತ್ತರ, ಈ ವರ್ಷ ನನ್ನ ಪ್ರತಿಜ್ಞೆ ಏನೂ ಇಲ್ಲ. ಮೊನ್ನೆ ಅಜ್ಜಿ ಬಕೆಟ್ ನೀರು ಹಾಸಿಗೆಯ ಮೇಲೆ ಸುರಿದಾಗ ಕೂಗಾಡಿದೆ. ಆದರೂ ಬೆಳಿಗ್ಗೆ ಎದ್ದು ಬಾಗಿಲು ತೆಗೆಯುತ್ತೇನೆ. ನೀನು ನಿನ್ನ ಪಟ್ಟಿಯನ್ನು ಇಟ್ಟುಕೋ, ನಾನು ಬೇಡ ಎನ್ನುವುದಿಲ್ಲ. ಎಣ್ಣೆ ತಿಂಡಿ ಬಿಟ್ಟರೆ ಒಳ್ಳೆಯದೇ. ನಾಳೆ ನಿನ್ನ ವಾರ್ಡಿನಲ್ಲಿ ಯಾರೋ ಬಂದು ಮಲಗಿದಾಗ, ಅವರ ಊರು ಕೇಳುವ ಮುಂಚೆ ನೀನು ಏನು ಮಾಡುತ್ತೀಯ ಎಂಬುದೊಂದನ್ನು ಆಗಾಗ ನೋಡಿಕೊಳ್ಳುತ್ತಿರು.

ಹಬ್ಬಕ್ಕೆ ತಪ್ಪದೆ ಬಾ. ಧರ್ಮಪುರಿ ದಾಟುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಬೇಡ. ಅವರೆಕಾಯಿ ತರಿಸಿಟ್ಟಿದ್ದೇನೆ, ಹಿದುಕವರೆ ಸಾರು ಮಾಡುತ್ತೇನೆ. ಅಪ್ಪನ ಆಶೀರ್ವಾದಗಳು. ಅಜ್ಜಿ ಇಲ್ಲೇ ಪಕ್ಕದಲ್ಲಿ ಕೂತು ಕ್ಯಾಲೆಂಡರಿನ ಹಾಳೆಗಳನ್ನು ಮಡಿಸುತ್ತಿದ್ದಾರೆ, ಅವರ ಆಶೀರ್ವಾದವೂ ಸೇರಿಕೊಂಡಿದೆ ಎಂದು ತಿಳಿ. ನೂರು ಕಾಲ ಬಾಳು ಮಗಳೇ, ನಾಲ್ಕು ಜನಕ್ಕೆ ಬೇಕಾದವಳಾಗು.

ನಿನ್ನ ಪ್ರೀತಿಯ ಅಮ್ಮ,
ಇಂದ್ರಮ್ಮ

ಮರೆತಿದ್ದು: ಮರೆತಿದ್ದೇನಲ್ಲ, ಬರೆಯಲು ಆಗದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಮೊನ್ನೆ ಬುಧವಾರ ಶಿಫ್ಟ್ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಅಜ್ಜಿ ಎದ್ದು ಬಂದು, ಬಾ ತಾಯಿ ಕೂತ್ಕೋ ಎಂದು ಕೈಗೆ ನೀರು ಕೊಟ್ಟರು. ಆ ಹೆಚ್ಚಿನ ಮುದ್ದೆಯನ್ನು ತಟ್ಟೆಗೆ ಹಾಕಿ, ಸಾರು ಬಿಟ್ಟು ಮುಂದಿಟ್ಟರು. ದಣಿದು ಬಂದಿದ್ದೇನೆ ಎಂದು ಅತ್ತೆಗೆ ಕನಿಕರ ಬಂತಲ್ಲ, ನನಗೆ ಯಾರಾದರೂ ಬಡಿಸಿ ಎಷ್ಟು ಕಾಲವಾಯಿತು ಎಂದು ಕಣ್ಣು ತುಂಬಿಕೊಂಡೇ ಉಂಡೆ. ಅವರು ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದರು. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ. ಕೈ ತೊಳೆದ ಮೇಲೆ ಪಕ್ಕದಲ್ಲಿ ಬಂದು ಕೂತು ಕೇಳಿದರು, “ಈಗ ಹೇಳವ್ವಾ. ಯಾವೂರು ನಿಂದು? ಯಾರ ಮಗ್ಳು ನೀನು?”

ಮಾಲೂರು ಕಡೆ ಎಂದು ತವರಿನ ಹೆಸರು ಹೇಳಿದೆ. ಬೇರೇನು ಹೇಳಲಿ? ದೂರದಿಂದ ಬಂದಿದ್ದೀಯ, ಹೊತ್ತಾಗೈತೆ, ಇವತ್ತು ಇಲ್ಲೇ ಇದ್ದು ಹೋಗು ಎಂದರು.

ಅಜ್ಜಿ ನನ್ನ ಹೆಸರು ಹೇಳುತ್ತಾರಾ ಎಂದು ಕೇಳಿದ್ದೆಯಲ್ಲ. ಇಲ್ಲ ಮಗಳೇ. ಹಬ್ಬಕ್ಕೆ ನೀನು ಬಂದಾಗ ನಿನ್ನನ್ನೂ ಅವರು ಊರು ಕೇಳಬಹುದು. ಆದರೆ ಉಂಡು ಮುಗಿಯುವವರೆಗೆ ಕೇಳುವುದಿಲ್ಲ. ನಿಧಾನವಾಗಿ ಉಣ್ಣು.